ನೆರೆ ತಡೆಯುವ ಕೆರೆಯಲ್ಲಿ ಖಾಲಿ ಜಾಗವಿರಲಿ: ಬಾಲಾನಗರದ ಕೆರೆ ಮತ್ತು ನಾಲೆಗಳ ನಿರ್ವಹಣೆ

ಕೆರೆ, ಕುಂಟೆ, ಜೌಗು ನೆಲ, ನಾಲೆಯ ಇಕ್ಕೆಲದ ಬಯಲು, ಸಿಮೆಂಟು ಬೀಳದ ಮಣ್ಣು ಇವೆಲ್ಲ ಮಳೆನೀರನ್ನು ತಡೆದು, ಹರಡಿ, ತಡವಾಗಿ ಬಿಡುತ್ತವೆ. ನೆರೆಯ ಅಪಾಯ ತಗ್ಗಿಸುವ ನೈಸರ್ಗಿಕ ವ್ಯವಸ್ಥೆ ಎಂದರೆ ಇದೇ. ಅಣೆಕಟ್ಟು, ಮೋರಿ, ತಡೆಗೋಡೆಗಳಂತೆ ಇದೂ ಒಂದು ಕಾಮಗಾರಿ. ಇದಕ್ಕೂ ವಿನ್ಯಾಸ ಬೇಕು, ಅಳತೆ ಬೇಕು, ಪ್ರತಿ ವರ್ಷ ದುಡ್ಡು ಬೇಕು, ಹೊಣೆ ಹೊರುವ ಒಬ್ಬ ಅಧಿಕಾರಿ ಬೇಕು. ಹೈದರಾಬಾದಿನಲ್ಲಿ ಕೆರೆಗಳಿಗೆ ಖರ್ಚಾಗುವ ಹಣ ಬೇಲಿ, ದೀಪ, ನಡಿಗೆ ಹಾದಿಗೂ ಹೋಗುತ್ತಿದೆ. ನೆರೆ ತಗ್ಗಿಸುವುದೇ ಗುರಿಯಾದರೆ ಅಳೆಯಬೇಕಾದ್ದು ಒಂದನ್ನೇ: ಮಳೆಗಾಲ ಶುರುವಾಗುವ ದಿನ ಕೆರೆಯಲ್ಲಿ ಎಷ್ಟು ಜಾಗ ಖಾಲಿ ಇದೆ?

ಬಾಲಾನಗರ ಹೈದರಾಬಾದಿನ ವಾಯವ್ಯದ ಕೈಗಾರಿಕಾ ಪ್ರದೇಶ. ಎಚ್‌ಎಎಲ್, ಐಡಿಪಿಎಲ್, ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇಲ್ಲಿ ನೆಲೆಗೊಂಡವು. ಅವುಗಳ ಸುತ್ತ ಲೇತ್, ವೆಲ್ಡಿಂಗ್, ಎರಕದ ಸಣ್ಣ ಕಾರ್ಖಾನೆಗಳು ಬೆಳೆದವು. ಬೀದರ್, ಕಲಬುರಗಿ ಕಡೆಯವರಿಗೆ ಈ ಊರು ದೂರವಲ್ಲ. 1956ರವರೆಗೆ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಕೆಲಸ ಅರಸಿ ಬರುವವರು ಇಂದಿಗೂ ಬರುತ್ತಿದ್ದಾರೆ. ಇಲ್ಲಿ ಬಿದ್ದ ಮಳೆ ಕೂಕಟ್‌ಪಲ್ಲಿ ನಾಲೆಗೆ ಸೇರಿ, ಫತೇನಗರ, ಬೇಗಂಪೇಟೆ ದಾಟಿ ಹುಸೇನ್ ಸಾಗರಕ್ಕೆ ಬೀಳುತ್ತದೆ. ಅಲ್ಲಿಂದ ಕೋಡಿ ಹರಿದು ಮೂಸಿ ನದಿ ಸೇರುತ್ತದೆ. ಸುತ್ತಮುತ್ತ ಹಳೆ ಬೋಯಿನಪಲ್ಲಿಯ ಹಸ್ಮತ್‌ಪೇಟೆ ಕೆರೆ, ಕೂಕಟ್‌ಪಲ್ಲಿಯ ನಲ್ಲ ಚೆರುವು, ಐಡಿಎಲ್ ಕೆರೆ, ಜೀಡಿಮೆಟ್ಲದ ಫಾಕ್ಸ್ ಸಾಗರ ಇವೆ. ಒಂದೊಂದನ್ನೇ ನೋಡಿದರೆ ಇವು ಬಿಡಿ ಕೆರೆಗಳು. ನೀರಿನ ಲೆಕ್ಕದಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕಾಲುವೆಗೆ ನೀರು ಕೊಡುವ ಒಂದೇ ವ್ಯವಸ್ಥೆ.

ಈ ಲೆಕ್ಕವನ್ನು ಈ ನಗರದಲ್ಲಿ ಬರೆದಿಟ್ಟವರಲ್ಲಿ ಒಬ್ಬರು ಕನ್ನಡಿಗರು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15 ಸಾವಿರ ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನಗರದೊಳಗಿನ ನದಿಯನ್ನಷ್ಟೇ ನೋಡಲಿಲ್ಲ, ಮೇಲಿನ ಜಲಾನಯನವನ್ನೂ ಲೆಕ್ಕ ಹಾಕಿದರು. ಅಲ್ಲಿ 788 ಕೆರೆಗಳಿದ್ದವು, ಅಂದರೆ ಹತ್ತಿರ ಹತ್ತಿರ ಚದರ ಮೈಲಿಗೊಂದು. ಆ ನೆರೆಯಲ್ಲಿ 221 ಕೆರೆಗಳ ಏರಿ ಒಡೆದಿತ್ತು. ಒಡೆದ ಕೆರೆ ನೆರೆಯನ್ನು ತಡೆಯುವ ಬದಲು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ನಗರದ ಮೇಲ್ಭಾಗದಲ್ಲಿ ನೆರೆನೀರನ್ನು ಹಿಡಿದಿಡಲು ದೊಡ್ಡ ಜಲಾಶಯಗಳೇ ಬೇಕೆಂದು ಅವರು ಸೂಚಿಸಿದರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಇವನ್ನು ಕುಡಿಯುವ ನೀರಿನ ಕೆರೆಗಳೆಂದಷ್ಟೇ ಇಂದಿನವರು ನೆನೆಯುತ್ತಾರೆ, ಕಟ್ಟಿಸಿದ ಮೊದಲ ಕಾರಣ ನೆರೆ. ವಿಶ್ವೇಶ್ವರಯ್ಯನವರ ವರದಿಯಿಂದ ಬಾಲಾನಗರಕ್ಕೆ ಸಿಗುವ ಪಾಠವೂ ಸಣ್ಣದಲ್ಲ: ಏರಿ, ಕೋಡಿ, ತೂಬುಗಳ ನಿಗಾ ತಪ್ಪಿದ ಕೆರೆ ಅದರ ಕೆಳಗಿರುವವರಿಗೇ ಅಪಾಯ.

2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆಯಾಗಿ ಕೂಕಟ್‌ಪಲ್ಲಿ ನಾಲೆಯ ದಡದ ಬಡಾವಣೆಗಳು ಮುಳುಗಿದವು. 2003ರಲ್ಲಿ ಕಿರ್ಲೋಸ್ಕರ್ ಸಮಾಲೋಚಕರು ನಾಲೆಗಳನ್ನು ಅಗಲಿಸಲು ಯೋಜನೆ ಕೊಟ್ಟರು. 2020ರ ಅಕ್ಟೋಬರಿನಲ್ಲಿ ಅದೇ ಪಾಡು ಮರುಕಳಿಸಿತು. ಫಾಕ್ಸ್ ಸಾಗರ ತುಂಬಿ ಕೊಂಪಲ್ಲಿಯ ಉಮಾಮಹೇಶ್ವರ ಕಾಲೊನಿಯ ಮನೆಗಳಲ್ಲಿ ನೀರು ಹಲವು ದಿನ ನಿಂತಿತು. ಆಮೇಲೆ 2021ರಲ್ಲಿ ನಾಲಾ ಅಭಿವೃದ್ಧಿ ಕಾರ್ಯಕ್ರಮ ಬಂತು, ಕಾಂಕ್ರೀಟ್ ಮೋರಿಗಳು ಏಳತೊಡಗಿದವು. ಮೋರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿನ ನಾಲೆಯನ್ನು ಮಾತ್ರ ಅಗಲಿಸಿದರೆ ನೀರು ಇನ್ನೂ ಬೇಗ ಕೆಳಗಿನವರ ಮನೆ ಸೇರುತ್ತದೆ. ಬಾಲಾನಗರದವರು ಗೆದ್ದದ್ದನ್ನು ಬೇಗಂಪೇಟೆಯವರು ಕಳೆದುಕೊಳ್ಳುತ್ತಾರೆ.

ಕೆರೆಯ ಶಕ್ತಿ ಎಷ್ಟೆಂದು ತಿಳಿಯಲು ಶಾಲೆಯ ಗಣಿತ ಸಾಕು. ಒಂದು ಚದರ ಕಿಲೋಮೀಟರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಕೋಟಿ ಲೀಟರ್ ನೀರು. ತಗಡಿನ ಚಾವಣಿ, ಕಾಂಕ್ರೀಟ್ ಅಂಗಳ, ಡಾಂಬರು ರಸ್ತೆ ತುಂಬಿದ ಕೈಗಾರಿಕಾ ಪ್ರದೇಶದಲ್ಲಿ ಅದರ ಬಹುಪಾಲು ಕೆಲವೇ ನಿಮಿಷಗಳಲ್ಲಿ ಮೋರಿ ಸೇರುತ್ತದೆ. 10 ಹೆಕ್ಟೇರಿನ ಒಂದು ಕೆರೆಯಲ್ಲಿ ಕೋಡಿಯ ಮಟ್ಟಕ್ಕಿಂತ ಕೆಳಗೆ ಒಂದು ಮೀಟರ್ ಖಾಲಿ ಇದ್ದರೆ ಅಲ್ಲಿ ಹಿಡಿಯುವುದೂ 10 ಕೋಟಿ ಲೀಟರೇ. ಆ ಕೆರೆ ಜೂನ್ ತಿಂಗಳಲ್ಲೇ ತುಂಬಿ ನಿಂತಿದ್ದರೆ ನೆರೆಯ ಲೆಕ್ಕದಲ್ಲಿ ಅದು ಕಾಂಕ್ರೀಟ್ ಅಂಗಳಕ್ಕಿಂತ ಹೆಚ್ಚೇನೂ ಮೇಲಲ್ಲ.

ತುಂಬಿ ನಿಲ್ಲಲು ಮುಖ್ಯ ಕಾರಣ ಕೊಳಚೆ. ಹಿಂದೆ ಬೇಸಿಗೆಯಲ್ಲಿ ಕೆರೆ ಇಳಿಯುತ್ತಿತ್ತು, ಅಂಗಳ ಒಣಗುತ್ತಿತ್ತು, ಹೂಳು ತೆಗೆಯಲು ಎತ್ತಿನ ಬಂಡಿ ಇಳಿಯುತ್ತಿತ್ತು. ಈಗ ಮನೆಗಳ ಕೊಳಚೆ ವರ್ಷವಿಡೀ ಬೀಳುವುದರಿಂದ ಏಪ್ರಿಲ್‌ನಲ್ಲೂ ಕೆರೆ ಕೋಡಿಯ ಅಂಚಿನಲ್ಲಿರುತ್ತದೆ, ಅದರ ಮೇಲೆ ಅಂತರಗಂಗೆ ಹಾಸಿಕೊಂಡಿರುತ್ತದೆ. ಎರಡನೆಯ ಕಾರಣ ಅಂದಗೊಳಿಸುವ ಗುತ್ತಿಗೆ. ಕೆರೆಯ ಸುತ್ತ ಉಂಗುರದಂತೆ ಮಣ್ಣಿನ ದಿಬ್ಬ ಏರಿಸಿ ನಡಿಗೆ ಹಾದಿ ಮಾಡಿದರೆ ಆಳವಿಲ್ಲದ ಅಂಚಿನ ನೆಲ ದಿಬ್ಬದಾಚೆ ಉಳಿಯುತ್ತದೆ, ಹರಿದು ಬರುವ ನೀರಿಗೆ ದಾರಿ ಮುಚ್ಚುತ್ತದೆ. ಆಮೇಲೆ ಹೊರಗುಳಿದ ನೆಲಕ್ಕೆ ಪ್ಲಾಟಿನ ಕಲ್ಲು ಬೀಳುವುದು ತಡವಾಗುವುದಿಲ್ಲ.

ಮೂರನೆಯದು ಕೋಡಿಯ ಬಳಿ ನಿಂತು ನೋಡಿದರಷ್ಟೇ ಕಾಣುತ್ತದೆ. ಹಳೆಯ ಕಲ್ಲಿನ ಕೋಡಿಯ ನೆತ್ತಿಯ ಮೇಲೆ ಹೊಸ ಸಿಮೆಂಟಿನ ಗೆರೆ, ಅದರ ಮೇಲೆ ಒಂದೆರಡು ಸಾಲು ಇಟ್ಟಿಗೆ. ನೀರು ಚೆಂದವಾಗಿ ತುಂಬಿ ಕಾಣಲೆಂದು ಯಾರೋ ಕಟ್ಟಿದ್ದು. ಅಷ್ಟರಿಂದಲೇ ನೆರೆಯ ದಿನ ನೀರು ಹಿಂದಿನ ಮನೆಗಳಿಗೆ ನುಗ್ಗುತ್ತದೆ, ಏರಿಯ ಮೇಲಿನ ಭಾರ ಹೆಚ್ಚುತ್ತದೆ. ಇದರ ಉಲ್ಟಾ ಕೆಲಸವೂ ನಡೆಯುತ್ತದೆ. ಕೋಡಿ ಒಡೆದು ಅಥವಾ ತೂಬನ್ನು ಸದಾ ತೆರೆದಿಟ್ಟು ನೀರಿನ ಮಟ್ಟ ಇಳಿಸುತ್ತಾರೆ, ಬಯಲಾದ ಅಂಗಳದಲ್ಲಿ ಕಟ್ಟಡ ಎಬ್ಬಿಸುತ್ತಾರೆ. ಹಾಗಾಗಿ ಕೋಡಿಯ ನೆತ್ತಿ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎಂದು ಸರ್ವೆ ಮಾಡಿ, ಆ ಅಂಕಿಯನ್ನು ಕಲ್ಲಿನಲ್ಲೇ ಕೆತ್ತಿಸುವುದು ಎಲ್ಲಕ್ಕಿಂತ ಅಗ್ಗದ ನೆರೆ ಕಾಮಗಾರಿ.

ಹೊಣೆಗಾರಿಕೆ ಹಂಚಿಹೋಗಿರುವುದು ಇಷ್ಟಕ್ಕೆಲ್ಲ ಮೂಲ. ಏರಿ, ತೂಬು ನೀರಾವರಿ ಇಲಾಖೆಗೆ, ನೆಲದ ದಾಖಲೆ ಕಂದಾಯ ಇಲಾಖೆಗೆ, ನಾಲೆ ಮಹಾನಗರ ಪಾಲಿಕೆಗೆ, ಕೊಳಚೆ ಜಲಮಂಡಳಿಗೆ, ಕಾರ್ಖಾನೆಯ ತ್ಯಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಕೆರೆಯ ಗಡಿ ಗುರುತಿಸುವುದು ಮಹಾನಗರ ಅಭಿವೃದ್ಧಿ ಪ್ರಾಧಿಕಾರವಾದ ಎಚ್‌ಎಂಡಿಎಗೆ. 2024ರ ಜುಲೈನಿಂದ ಒತ್ತುವರಿ ತೆರವಿಗೆ ಹೈಡ್ರಾ ಎಂಬ ಸರ್ಕಾರಿ ಸಂಸ್ಥೆ ಬಂದಿದೆ. ಪ್ರತಿ ಸಂಸ್ಥೆ ತನ್ನ ತುಂಡನ್ನು ಮುಗಿಸಿ ಬಿಲ್ಲು ಪಡೆಯಬಹುದು, ನೆರೆ ಮಾತ್ರ ಹಾಗೇ ಉಳಿಯಬಹುದು. ಕೂಕಟ್‌ಪಲ್ಲಿ ನಾಲೆಯ ಇಡೀ ಜಲಾನಯನಕ್ಕೆ ಒಬ್ಬ ಮುಖ್ಯ ಎಂಜಿನಿಯರ್ ಇರಬೇಕು. ಮೇಲಿನ ಕೆರೆಯಿಂದ ಹುಸೇನ್ ಸಾಗರದ ಬಾಯಿಯವರೆಗೆ ಯಾವ ಕಾಮಗಾರಿಯಾದರೂ ಅವರ ಸಹಿಯಿಲ್ಲದೆ ಹೊರಡಬಾರದು.

ಗಡಿಯ ಮಾತಿಗೆ ಕಾನೂನಿನ ಕೊರತೆಯಿಲ್ಲ. 2012ರ 168ನೇ ಸರ್ಕಾರಿ ಆದೇಶದಂತೆ 10 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಕೆರೆಯ ಪೂರ್ಣ ಮಟ್ಟದ ಗಡಿಯಿಂದ 30 ಮೀಟರ್, ಚಿಕ್ಕ ಕೆರೆಯಾದರೆ 9 ಮೀಟರ್ ಬಿಡಬೇಕು. 10 ಮೀಟರಿಗಿಂತ ಅಗಲದ ನಾಲೆಯ ದಡದಲ್ಲಿ 9 ಮೀಟರ್, ಕಿರಿದಾದ ನಾಲೆಗೆ 2 ಮೀಟರ್. ಜಾರಿಯೇ ಕಷ್ಟ, ಜೊತೆಗೆ ನ್ಯಾಯದ ಪ್ರಶ್ನೆಯೂ ಇದೆ. 2024ರ ಸೆಪ್ಟೆಂಬರಿನಲ್ಲಿ ನಲ್ಲ ಚೆರುವಿನ ಅಂಗಳದ ಶೆಡ್ಡುಗಳನ್ನು ತೆರವು ಮಾಡಿದಾಗ ಬಾಡಿಗೆಗಿದ್ದ ಸಣ್ಣ ವ್ಯಾಪಾರಿಗಳ ಸರಕು ನಷ್ಟವಾಯಿತು. ಕೆರೆ ಮರಳಿ ಬರಬೇಕು, ನಿಜ. ಬಾಡಿಗೆ ಕೊಟ್ಟು ದುಡಿಯುತ್ತಿದ್ದವನು ಅದರ ಬೆಲೆಯನ್ನು ಒಬ್ಬನೇ ತೆರಬಾರದು. ಪರ್ಯಾಯ ಜಾಗ, ಸಾಗಣೆ ವೆಚ್ಚ, ಮುಂಚಿನ ನೋಟಿಸು ಇವು ಯೋಜನೆಯ ಅಂದಾಜು ಪಟ್ಟಿಯಲ್ಲೇ ಇರಬೇಕು. ಹಾಗಿದ್ದರೆ ಕೋರ್ಟಿನ ತಡೆಯಾಜ್ಞೆಗಳೂ ಕಡಿಮೆಯಾಗುತ್ತವೆ.

ಕಾಂಕ್ರೀಟ್ ಗೋಡೆ ಒಮ್ಮೆ ಕಟ್ಟಿದರೆ ಬಹುಕಾಲ ನಿಲ್ಲುತ್ತದೆ, ಕೆರೆ ಮತ್ತು ಜೌಗಿನ ಗುಣ ವರ್ಷ ವರ್ಷದ ಆರೈಕೆಯಲ್ಲಿ ನಿಂತಿದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಮೊದಲು ಜೌಗಿಗೆ ಇಳಿದು, ಆಪುಗಿಡಗಳ ನಡುವೆ ಸೋಸಿ ಕೆರೆ ಸೇರುತ್ತದೆ. ಆ ಗಿಡಗಳನ್ನು ಕಾಲಕಾಲಕ್ಕೆ ಕೊಯ್ಯಬೇಕು. ಕೊಯ್ಯದಿದ್ದರೆ ಕೊಳೆತು ಅವೇ ಹೂಳಾಗುತ್ತವೆ. ಹಿಂದೆ ಈ ನಿಗಾಕ್ಕೆ ಹಳ್ಳಿಯಲ್ಲಿ ಒಬ್ಬನಿದ್ದ. ಕನ್ನಡ ನಾಡಿನಲ್ಲಿ ನೀರುಗಂಟಿ, ತೆಲಂಗಾಣದಲ್ಲಿ ನೀರಡಿ. ತೂಬು ತೆರೆಯುವುದು, ಏರಿಯ ಬಿರುಕು ನೋಡುವುದು, ಕೋಡಿ ಕಾಯುವುದು ಅವನ ಕೆಲಸ. ಸಂಬಳ, ಕೊಠಡಿ, ಫೋನು ಕೊಟ್ಟು ಆ ಹುದ್ದೆಯನ್ನು ನಗರದ ಪ್ರತಿ ಕೆರೆಗೂ ಮರಳಿ ತರಬೇಕು. ಗುತ್ತಿಗೆಗೆ ಸಹಿ ಹಾಕುವ ಮೊದಲೇ ಕನಿಷ್ಠ ಹತ್ತು ವರ್ಷದ ನಿರ್ವಹಣೆ ಹಣವನ್ನು ಬೇರೆ ಖಾತೆಯಲ್ಲಿಡಬೇಕು.

ಹೂಳಿನ ವಿಚಾರ ಬಾಲಾನಗರದಲ್ಲಿ ಬೇರೆ ತೆರ. 2015ರಲ್ಲಿ ಶುರುವಾದ ತೆಲಂಗಾಣದ ಕೆರೆ ಪುನಶ್ಚೇತನ ಯೋಜನೆ ಮಿಷನ್ ಕಾಕತೀಯದಲ್ಲಿ ಹಳ್ಳಿಯ ಕೆರೆಗಳ ಹೂಳು ರೈತರ ಹೊಲಕ್ಕೆ ಗೊಬ್ಬರವಾಗಿ ಹೋಯಿತು. ಕಾರ್ಖಾನೆಗಳ ನಡುವಿನ ಕೆರೆಯ ಹೂಳಿನಲ್ಲಿ ಎಣ್ಣೆ, ಲೋಹಗಳು ಬೆರೆತಿರಬಹುದು. ಪರೀಕ್ಷೆ ಮಾಡಿಸದೆ ಹೊಲಕ್ಕೆ ಸುರಿಯುವಂತಿಲ್ಲ, ಏರಿಯ ಮೇಲೆ ರಾಶಿ ಹಾಕಿದರೆ ಮುಂದಿನ ಮಳೆಗೆ ಮತ್ತೆ ಒಳಗಿಳಿಯುತ್ತದೆ. ಪರೀಕ್ಷೆ ಮತ್ತು ವಿಲೇವಾರಿಯ ಖರ್ಚನ್ನು ಅಗೆತದ ಖರ್ಚಿನ ಜೊತೆಗೇ ತೋರಿಸಬೇಕು. ಇಂಗುಗುಂಡಿಯಲ್ಲೂ ಇದೇ ಎಚ್ಚರ ಬೇಕು. ಇಲ್ಲಿನ ನೆಲ ಗ್ರಾನೈಟ್ ಬಂಡೆ, ಮೇಲೆ ತೆಳು ಮಣ್ಣು. ಇಂಗುವುದು ನಿಧಾನ. ಎಣ್ಣೆ ಸೋರಿದ ಅಂಗಳದ ನೀರನ್ನು ಗುಂಡಿಗೆ ಬಿಟ್ಟರೆ ಬೋರ್‌ವೆಲ್ ಕೆಡುತ್ತದೆ. ಚಾವಣಿಯ ನೀರು ಚೊಕ್ಕಟ. ಸಾವಿರ ಚದರ ಮೀಟರಿನ ಒಂದು ಶೆಡ್ಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಅದನ್ನು ತೊಟ್ಟಿಯಲ್ಲಿ ಹಿಡಿದು ಯಂತ್ರ ತಣಿಸಲು, ತೊಳೆಯಲು ಬಳಸಿದರೆ ಟ್ಯಾಂಕರಿನ ದುಡ್ಡೂ ಉಳಿಯುತ್ತದೆ. ಇದನ್ನು ಪಾಲಿಸುವ ಕಾರ್ಖಾನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ನ್ಯಾಯ.

ಮಳೆಗಾಲದಲ್ಲಿ ಹುಸೇನ್ ಸಾಗರದ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ, ಪೂರ್ಣ ಮಟ್ಟ 513.41 ಮೀಟರ್ ಎಂಬ ಅಂಕಿ ಊರಿಗೇ ಗೊತ್ತು. ಮೇಲಿನ ಸಣ್ಣ ಕೆರೆಗಳಿಗೂ ಅದೇ ಮರ್ಯಾದೆ ಸಲ್ಲಬೇಕು. ಕೋಡಿಯ ಪಕ್ಕ ಬಣ್ಣ ಬಳಿದ ಅಳತೆಪಟ್ಟಿ ನೆಟ್ಟು, ಮಟ್ಟವನ್ನು ದಿನವೂ ಬರೆದು ತೆಲುಗು, ಉರ್ದು, ಕನ್ನಡದಲ್ಲಿ ಫಲಕಕ್ಕೆ ಹಾಕಿದರೆ ಕೆಳಗಿನ ಬಡಾವಣೆಯವರು ತಾವೇ ನೋಡಿ ಎಚ್ಚರವಾಗುತ್ತಾರೆ. ಯೋಜನೆ ಫಲ ಕೊಟ್ಟಿತೇ ಎಂದು ಹೇಳಲೂ ಈ ದಾಖಲೆಯೇ ಬೇಕು. ಹಿಂದಿನ ಅಳತೆ ಇಲ್ಲದ ಕಡೆ ಮುಂದಿನ ಅಳತೆಗೆ ಅರ್ಥವಿಲ್ಲ.

ಕೆರೆಗಳಿಂದಲೇ ಎಲ್ಲ ನೆರೆ ನಿಲ್ಲುತ್ತದೆ ಎನ್ನುವುದು ಸುಳ್ಳು ಭರವಸೆ. 2000ದಲ್ಲಿ ಬಿದ್ದಂಥ ಮಳೆ ಮತ್ತೆ ಬಿದ್ದರೆ ಕೆರೆ, ಮೋರಿ, ಮುನ್ನೆಚ್ಚರಿಕೆ ಮೂರೂ ಸೇರಿದರೂ ಕೆಲವು ಬೀದಿ ಮುಳುಗುತ್ತವೆ. ಆದರೂ ಇದು ಬರಿಯ ಕನಸಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಚಾರ್ಲ್ಸ್ ನದಿಯ ಮೇಲ್ಭಾಗದಲ್ಲಿ ನೆರೆ ತಗ್ಗಿಸಲು ಸೇನಾ ಎಂಜಿನಿಯರುಗಳು ಅಲ್ಲಿ ಹೊಸ ಅಣೆಕಟ್ಟು ಕಟ್ಟದೆ, 1970ರ ದಶಕದಿಂದ 17 ಕಡೆ ಸುಮಾರು 8,100 ಎಕರೆ ಜೌಗನ್ನು ಕಾಯ್ದಿಟ್ಟರು. ಒತ್ತುವರಿಯಾಗದಂತೆ ನೋಡಿಕೊಳ್ಳಲು ಅಲ್ಲಿ ಇಂದಿಗೂ ಸಿಬ್ಬಂದಿ ಗಡಿ ಸುತ್ತುತ್ತಾರೆ.

ಬಾಲಾನಗರದ ಕೆಲಸಕ್ಕೆ ವರ್ಷದ ಪಂಚಾಂಗ ಹೀಗಿರಬಹುದು. ಜನವರಿಯಲ್ಲಿ ಏರಿ, ಕೋಡಿ, ತೂಬುಗಳ ಜಂಟಿ ತಪಾಸಣೆ. ಮಾರ್ಚ್‌ನಲ್ಲಿ ಕೊಳಚೆ ಕೊಳವೆಗಳನ್ನು ಫತೇನಗರದ ಶುದ್ಧೀಕರಣ ಘಟಕದತ್ತ ತಿರುಗಿಸಿ, ತೂಬು ತೆರೆದು ಕೆರೆ ಇಳಿಸುವುದು. ಏಪ್ರಿಲ್, ಮೇ ತಿಂಗಳಲ್ಲಿ ಹೂಳು, ಅಂತರಗಂಗೆ ತೆಗೆದು ನಾಲೆಯ ಸೇತುವೆಗಳ ಅಡಿ ಚೊಕ್ಕಟ ಮಾಡುವುದು. ಮೇ 31ರಂದು ಪ್ರತಿ ಕೆರೆಯ ಖಾಲಿ ಜಾಗವನ್ನು ಘನಮೀಟರಿನಲ್ಲಿ ಅಳೆದು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುವುದು. ಗುತ್ತಿಗೆದಾರರ ಕೊನೆಯ ಕಂತು ಈ ಅಂಕಿ ಬಂದ ಮೇಲೆಯೇ ಬಿಡುಗಡೆಯಾಗಬೇಕು.