ಚಿಪ್ಪಿನ ಲೆಕ್ಕ ಇನ್ನೂ ಮುಗಿದಿಲ್ಲ

ಕಲಬುರಗಿಯ ಕೋಟನೂರದಿಂದ ಕಡಲು ನೂರಾರು ಕಿಲೋಮೀಟರ್ ದೂರ. ಆದರೂ ಆ ಭಾಗದಲ್ಲಿ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಮುಖ್ಯ ದ್ರವ್ಯವೂ ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪಿನ ದ್ರವ್ಯವೂ ಒಂದೇ: ಕ್ಯಾಲ್ಸಿಯಂ ಕಾರ್ಬೊನೇಟ್. ಇದರ 100 ಪಾಲು ತೂಕದಲ್ಲಿ 12 ಪಾಲು ಇಂಗಾಲ. ಈ 12 ಪಾಲನ್ನು ಮುಂದಿಟ್ಟು, ಚಿಪ್ಪುಜೀವಿಗಳ ಕೃಷಿಯು ವಾತಾವರಣದ ಇಂಗಾಲವನ್ನು ಬಂಧಿಸುತ್ತದೆ, ಅದಕ್ಕೆ ಕಾರ್ಬನ್ ಕ್ರೆಡಿಟ್ ಸಲ್ಲಬೇಕು ಎಂಬ ವಾದ ಜಗತ್ತಿನ ಹಲವೆಡೆ ಕೇಳಿಬರುತ್ತಿದೆ. 2023ರಲ್ಲಿ ಭಾರತ ಸರ್ಕಾರವೂ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿದೆ. ಆದ್ದರಿಂದ ಈ ವಾದವನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ.

ಮೊದಲ ತೊಡಕು ರಸಾಯನಶಾಸ್ತ್ರದ್ದೇ. ಮರವು ಗಾಳಿಯಿಂದ ಇಂಗಾಲವನ್ನು ಪಡೆಯುವಂತೆ ಚಿಪ್ಪು ಪಡೆಯುವುದಿಲ್ಲ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಅದರ ಮೂಲ. ಎರಡು ಬೈಕಾರ್ಬೊನೇಟ್ ಸೇರಿ ಚಿಪ್ಪಾಗುವಾಗ ಒಂದರ ಇಂಗಾಲ ಚಿಪ್ಪಿನಲ್ಲಿ ಉಳಿಯುತ್ತದೆ, ಇನ್ನೊಂದರದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸಮುದ್ರದ ನೀರು ಇದರಲ್ಲಿ ಸ್ವಲ್ಪವನ್ನು ತನ್ನಲ್ಲೇ ಉಳಿಸಿಕೊಂಡರೂ ಸುಮಾರು 60 ಶೇಕಡಾ ಗಾಳಿಗೆ ಸೇರಬಲ್ಲುದು. ಅಂದರೆ 100 ಕಿಲೋ ಚಿಪ್ಪು ಬೆಳೆದರೆ ಸುಮಾರು 26 ಕಿಲೋ ಇಂಗಾಲದ ಡೈಆಕ್ಸೈಡ್! ಜೀವಿಯ ಉಸಿರಾಟದ್ದು ಇದಕ್ಕೆ ಹೊರತು.

ಹಾಗೆಂದು ಚಿಪ್ಪುಕೃಷಿಯನ್ನು ಮಾಲಿನ್ಯಕಾರಿ ಎಂದು ಬಗೆಯುವುದೂ ಆತುರವೇ ಸರಿ. ಚಿಪ್ಪುಜೀವಿಗಳು ನೀರನ್ನು ಸೋಸಿ, ಸೂಕ್ಷ್ಮ ಸಸ್ಯಗಳು ಹಿಡಿದ ಇಂಗಾಲದ ಒಂದಂಶವನ್ನು ಮಲದ ರೂಪದಲ್ಲಿ ಕೆಸರಿಗೆ ಇಳಿಸುತ್ತವೆ. ಅದು ಅಲ್ಲೇ ಹೂತುಹೋಗುವುದೋ, ಕೊಳೆತು ಮರಳುವುದೋ ಎಂಬುದು ಸ್ಥಳವನ್ನು ಅವಲಂಬಿಸಿದೆ. ಅಮೆರಿಕದ ಉತ್ತರ ಕೆರೊಲಿನಾದ ಸಿಂಪಿ ದಿಬ್ಬಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಳುದಂಡೆಯ ದಿಬ್ಬಗಳು ಇಂಗಾಲವನ್ನು ಹೊರಬಿಡುವವಾಗಿಯೂ, ಜವುಗು ಹುಲ್ಲಿನ ಅಂಚಿನವು ಹೀರುವವಾಗಿಯೂ ಕಂಡವು. ಒಂದೇ ಕರಾವಳಿಯಲ್ಲಿ ಎರಡು ಉತ್ತರ! ಮಳೆಗಾಲದಲ್ಲಿ ಸಿಹಿನೀರು ತುಂಬಿ ಬೇಸಿಗೆಯಲ್ಲಿ ಉಪ್ಪೇರುವ ಪಶ್ಚಿಮ ಕರಾವಳಿಯ ಅಳಿವೆಗಳಿಗೆ ಹೊರನಾಡಿನ ಅಂಕಿಯನ್ನು ಹಾಗೆಯೇ ಅಂಟಿಸುವುದು ವಿಜ್ಞಾನವಲ್ಲ.

ಜೀವಿ ಸತ್ತ ಮೇಲೆ ಚಿಪ್ಪು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಮೈಲುತುತ್ತದೊಂದಿಗೆ ಬೆರೆಸುವ ಸುಣ್ಣ ಎಷ್ಟೋ ಕಡೆ ಚಿಪ್ಪಿನದೇ. ಗೂಡಿನಲ್ಲಿ ಸುಟ್ಟೊಡನೆ ಬಂಧಿತ ಇಂಗಾಲ ಬಿಡುಗಡೆಯಾಗುತ್ತದೆ. ಸುಣ್ಣವು ಅದರ ಒಂದಂಶವನ್ನು ಗಾಳಿಯಿಂದ ಮರಳಿ ಹೀರಬಹುದು, ಆದರೆ ಗೂಡಿಗೆ ಉರಿಸಿದ ಇಂಧನದ ಹೊಗೆ ಮರಳದು. ವಾಡಿ, ಸೇಡಂಗಳ ಸಿಮೆಂಟ್ ಗೂಡುಗಳಲ್ಲಿ ಸುಣ್ಣದ ಕಲ್ಲಿಗೂ ಇದೇ ಗತಿ, ಪ್ರಮಾಣ ಮಾತ್ರ ಬಹಳ ದೊಡ್ಡದು. ಅಂಥ ಹೊಗೆಗೆ ಪ್ರಾಯಶ್ಚಿತ್ತವಾಗಿ ಅಳಿವೆಯ ಚಿಪ್ಪನ್ನು ತೋರಿಸುವ ಲೆಕ್ಕ ಬಂದರೆ ಅದನ್ನು ತಿರಸ್ಕರಿಸಬೇಕು.

ಕಾಸರಗೋಡಿನ ಪಡನ್ನ, ಚೆರುವತ್ತೂರುಗಳ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಮಹಿಳಾ ಗುಂಪುಗಳು ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುತ್ತಿವೆ. ಕುಮಟಾ ತಾಲ್ಲೂಕಿನ ಹೆಂಗಸರು ಇಳಿತದ ವೇಳೆ ಬಳಚು ಹೆಕ್ಕಿ ಸಂಸಾರ ನಡೆಸುತ್ತಾರೆ. ಮೇವನ್ನಾಗಲೀ ಗೊಬ್ಬರವನ್ನಾಗಲೀ ಬೇಡದೆ ದೊರೆಯುವ ಈ ಆಹಾರಕ್ಕೆ ಇಂಗಾಲದ ಸಮರ್ಥನೆ ಬೇಕಿಲ್ಲ. ಅಘನಾಶಿನಿಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆತಿದೆ. ಅಲ್ಲಿ ಯಾರಾದರೂ ಕ್ರೆಡಿಟ್ಟಿನ ಒಪ್ಪಂದಪತ್ರ ಹಿಡಿದು ಬಂದರೆ ಹೆಕ್ಕುವವರು ಮೂರು ಸಂಗತಿ ಕೇಳಬೇಕು. ನೀರಿನಿಂದ ಹೊರಡುವ ಅನಿಲವನ್ನು ಎಲ್ಲ ಋತುಗಳಲ್ಲಿ ಅಳೆಯಲಾಗಿದೆಯೇ? ಕೆಸರಿನ ಇಂಗಾಲದ ಲೆಕ್ಕವಿದೆಯೇ? ಒಪ್ಪಂದದ ನಂತರ ಬಳಚು ಹೆಕ್ಕುವ ಹಕ್ಕು ಯಾರ ಕೈಯಲ್ಲಿರುತ್ತದೆ?