ಎರಡೇ ತಿಂಗಳಿಗೆ ಮುಚ್ಚುವ ನ್ಯಾಯದ ಬಾಗಿಲು

ತಾಂಜಾನಿಯಾದ ಅರೂಷಾ ನಗರದಲ್ಲಿ ಪೂರ್ವ ಆಫ್ರಿಕಾ ನ್ಯಾಯಾಲಯವಿದೆ. ಕೀನ್ಯಾ, ಉಗಾಂಡ ಸಹಿತ ಎಂಟು ರಾಷ್ಟ್ರಗಳ ಪ್ರಜೆಗಳು ತಮ್ಮ ಸರಕಾರದ ವಿರುದ್ಧ ನೇರವಾಗಿ ಅದರ ಮೆಟ್ಟಿಲೇರಬಹುದು. ಮೊದಲು ಸ್ವದೇಶದ ನ್ಯಾಯಾಲಯಗಳನ್ನೆಲ್ಲ ಸುತ್ತಿ ಬರಬೇಕೆಂಬ ನಿರ್ಬಂಧವಿಲ್ಲ. ಕೇಳಲು ಸೊಗಸಾದ ಮಾತು. ಆದರೆ ಸಮುದಾಯದ ಒಪ್ಪಂದದ 30ನೇ ವಿಧಿಯಲ್ಲಿ ಒಂದು ಬೀಗವಿದೆ. ಅನ್ಯಾಯ ನಡೆದ ಅಥವಾ ಅದು ದೂರುದಾರನ ಅರಿವಿಗೆ ಬಂದ ದಿನದಿಂದ ಎರಡು ತಿಂಗಳೊಳಗೆ ದಾವೆ ಹೂಡಬೇಕು. ತಪ್ಪಿದರೆ ಮನ್ನಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ.

ಈ ಬೀಗ ಬಂದ ಬಗೆಯನ್ನು ನೋಡಿ. 1999ರ ಮೂಲ ಒಪ್ಪಂದದಲ್ಲಿ ಇದಿರಲಿಲ್ಲ. 2006ರ ನವೆಂಬರ್‌ನಲ್ಲಿ, ಪ್ರಾದೇಶಿಕ ಶಾಸನಸಭೆಗೆ ಕೀನ್ಯಾ ಆರಿಸಿ ಕಳುಹಿಸಿದ ಸದಸ್ಯರ ಪ್ರಮಾಣವಚನಕ್ಕೆ ಈ ನ್ಯಾಯಾಲಯವು ತಡೆ ನೀಡಿತು. ಮರುತಿಂಗಳೇ ರಾಷ್ಟ್ರನಾಯಕರು ಸೇರಿ ಒಪ್ಪಂದವನ್ನೇ ತಿದ್ದಿದರು. ಎರಡು ತಿಂಗಳ ಗಡುವು ಆ ತಿದ್ದುಪಡಿಯ ಕೊಡುಗೆ. ಜನರನ್ನು ಕೇಳದೆ ತಿದ್ದಿದ್ದು ಒಪ್ಪಂದದ ಉಲ್ಲಂಘನೆಯೆಂದು 2008ರಲ್ಲಿ ನ್ಯಾಯಾಲಯವೇ ಹೇಳಿತು, ಆದರೆ ತಿದ್ದುಪಡಿಯನ್ನು ರದ್ದುಪಡಿಸಲಿಲ್ಲ. ತೀರ್ಪು ಹಿಡಿಸದಿದ್ದಾಗ ಆಳುವವರು ನ್ಯಾಯಾಲಯದ ಬಾಗಿಲನ್ನೇ ಕಿರಿದುಗೊಳಿಸಿದರು ಎಂದು ನಾವು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಇದರ ಫಲವನ್ನು ಉಂಡವರು ಯಾರು? ಕೀನ್ಯಾದ ಎಲ್ಗಾನ್ ಪರ್ವತ ಪ್ರದೇಶದಲ್ಲಿ 2006ರಿಂದ 2008ರ ನಡುವೆ ನಡೆದ ಹತ್ಯೆ, ಚಿತ್ರಹಿಂಸೆಗಳ ಬಗ್ಗೆ ಸರಕಾರ ತನಿಖೆಯನ್ನೇ ನಡೆಸಲಿಲ್ಲವೆಂದು ಒಂದು ಸಂಘಟನೆ 2010ರಲ್ಲಿ ದೂರಿತು. ಮೊದಲ ಪೀಠ ಅದನ್ನು ಅಂಗೀಕರಿಸಿತು. 2012ರಲ್ಲಿ ಮೇಲ್ಮನವಿ ಪೀಠವು ಕಾಲ ಮೀರಿದೆಯೆಂದು ತಳ್ಳಿಹಾಕಿತು. ಮುಂದುವರಿಯುತ್ತಿರುವ ಅನ್ಯಾಯ ಎಂಬ ವಾದಕ್ಕೆ ಒಪ್ಪಂದದಲ್ಲಿ ಎಡೆಯಿಲ್ಲವಂತೆ!

ಎರಡನೆಯದು ನಮ್ಮ ಓದುಗರಿಗೆ ಪರಿಚಿತ ಕಥೆಯಂತೆ ಕಂಡೀತು. 2010ರ ಜುಲೈ 11ರಂದು ಕಂಪಾಲಾದಲ್ಲಿ ನಡೆದ ಬಾಂಬ್ ಸ್ಫೋಟಗಳಲ್ಲಿ 70ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಆ ಪಾತಕಕ್ಕೆ ಯಾವ ಸಮರ್ಥನೆಯೂ ಇಲ್ಲ. ಅನಂತರ ಕೆಲವು ಆರೋಪಿಗಳನ್ನು ಕೀನ್ಯಾದಿಂದ ಉಗಾಂಡಕ್ಕೆ ಒಯ್ಯಲಾಯಿತು. ಗಡೀಪಾರಿನ ಕಾನೂನುಕ್ರಮವನ್ನು ಪಾಲಿಸಲಿಲ್ಲ ಎಂಬುದು ಅವರ ದೂರು. ಅವರು ತಪ್ಪಿತಸ್ಥರೇ ಅಲ್ಲವೇ ಎಂಬುದು ಬೇರೆ ವಿಷಯ, ಅದನ್ನು ತೀರ್ಮಾನಿಸಲು ಬೇರೆ ನ್ಯಾಯಾಲಯವಿದೆ. 2011ರ ಜೂನ್‌ನಲ್ಲಿ ಅವರ ಅರ್ಜಿ ಅರೂಷಾ ತಲುಪಿದಾಗ ಅವರಿನ್ನೂ ಸೆರೆಯಲ್ಲಿದ್ದರು. 2013ರಲ್ಲಿ ಮೇಲ್ಮನವಿ ಪೀಠದ ಉತ್ತರ ಅದೇ ಆಗಿತ್ತು: ತಡವಾಯಿತು. ಪರದೇಶದ ಜೈಲಿನ ಕಂಬಿಗಳ ಹಿಂದಿರುವವನು ಅರವತ್ತು ದಿನಗಳಲ್ಲಿ ವಕೀಲನನ್ನು ಹುಡುಕಿ, ದಾಖಲೆ ಕೂಡಿಸಿ, ಮೂರನೆಯ ದೇಶದಲ್ಲಿ ದಾವೆ ಹೂಡಬೇಕಿತ್ತೇ?

ಕಾನೂನಿನ ನಿಶ್ಚಿತತೆಗೆ ಗಡುವು ಬೇಕೆನ್ನುತ್ತಾರೆ. ಬೇಕು, ನಾವೂ ಒಪ್ಪುತ್ತೇವೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2022ರ ಫೆಬ್ರವರಿಯಿಂದ ಆರು ತಿಂಗಳ ಗಡುವನ್ನು ನಾಲ್ಕಕ್ಕೆ ಇಳಿಸಿದೆ. ಆದರೆ ಅಲ್ಲಿ ಗಡಿಯಾರ ಓಡತೊಡಗುವುದು ಸ್ವದೇಶದ ಅಂತಿಮ ತೀರ್ಪಿನ ನಂತರ. ಅಷ್ಟರಲ್ಲಿ ದಾಖಲೆ, ವಕೀಲ ಎಲ್ಲವೂ ಸಿದ್ಧ. ಅರೂಷಾದಲ್ಲೇ ಇರುವ ಆಫ್ರಿಕಾ ಮಾನವ ಹಕ್ಕುಗಳ ನ್ಯಾಯಾಲಯವಾದರೋ ದಿನ ಎಣಿಸದೆ ‘ಸಮಂಜಸ ಅವಧಿ’ ಎನ್ನುತ್ತದೆ. ನಮ್ಮ ದೇಶದ 1963ರ ಕಾಲಮಿತಿ ಕಾಯ್ದೆ ಕೂಡ, ಮುಂದುವರಿಯುತ್ತಿರುವ ಅಪಕೃತ್ಯಕ್ಕೆ ಪ್ರತಿಕ್ಷಣವೂ ಹೊಸ ಅವಧಿ ಆರಂಭವಾಗುತ್ತದೆಂದು 22ನೇ ಸೆಕ್ಷನ್‌ನಲ್ಲಿ ಬರೆದಿದೆ. ಒಂದೇ ಊರಿನ ಎರಡು ನ್ಯಾಯಾಲಯಗಳಲ್ಲಿ ಒಂದಕ್ಕೆ ಸಾಧ್ಯವಾದದ್ದು ಇನ್ನೊಂದಕ್ಕೆ ಏಕೆ ಅಸಾಧ್ಯ?

ನ್ಯಾಯಾಧೀಶರನ್ನು ಮಾತ್ರ ದೂರಿ ಫಲವಿಲ್ಲ. 2006ರಲ್ಲಿ ಎರಡೇ ವಾರಗಳಲ್ಲಿ ಒಪ್ಪಂದ ತಿದ್ದಲು ಬಿಡುವಿದ್ದ ಶೃಂಗಸಭೆಗೆ, ಬಂಧಿತರಿಗೂ ನಾಪತ್ತೆಯಾದವರ ಕುಟುಂಬಗಳಿಗೂ ವಿನಾಯಿತಿ ನೀಡುವ ಒಂದು ವಾಕ್ಯವನ್ನು ಸೇರಿಸಲು ಬಿಡುವಿಲ್ಲವೇ?