ಬಹುಮಾನ ಬಂದಮೇಲಿನ ಚಪ್ಪಾಳೆ

2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಘೋಷಣೆಯಾದಾಗ ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಬೆಳಿಗ್ಗೆ ಫೋನ್ ತೆಗೆದರೆ ಸಂಘದ ವಾಟ್ಸಾಪ್ ಗುಂಪಿನ ತುಂಬ ಹೂಗುಚ್ಛಗಳು. ನಾನೂ ಎರಡು ಹಾಕಿದೆ. ಕನ್ನಡದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೆ ಹಣದಲ್ಲಿ ಸಮಪಾಲು. ಹೂಗುಚ್ಛ ಹಾಕದೆ ಇನ್ನೇನು?

ಆದರೆ ಅಷ್ಟೂ ಅಭಿನಂದನೆಗಳಲ್ಲಿ ನಾನು ಹುಡುಕಿದ ಒಂದು ಹೆಸರು ಇರಲಿಲ್ಲ: ‘ಲಂಕೇಶ್ ಪತ್ರಿಕೆ’. 1980ರಲ್ಲಿ ಪಿ. ಲಂಕೇಶರು ಶುರುಮಾಡಿದ, ಜಾಹೀರಾತು ಹಾಕದ, ಕಪ್ಪುಬಿಳುಪಿನ ವಾರಪತ್ರಿಕೆ. ನಮ್ಮೂರ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಓದಿದವನು ನಾನು; ಸರದಿ ಬಂದರೂ ಬೇರೆಯವರನ್ನು ಮುಂದೆ ಬಿಟ್ಟದ್ದುಂಟು. ಬಾನು ಅವರು 80ರ ದಶಕದಲ್ಲಿ ಆ ಪತ್ರಿಕೆಗೆ ವರದಿ ಮಾಡುತ್ತಿದ್ದರು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ರಾಜ್ಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆಮೇಲಿನ ಮಾತು. ಅಲ್ಲಿ ಬರೆಯುತ್ತಿದ್ದ ತೇಜಸ್ವಿಯವರಿಗೆ ‘ಚಿದಂಬರ ರಹಸ್ಯ’ಕ್ಕಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಆಗಲೇ ಹೆಸರಾದವರು, ಅವರ ಮಾತು ಬೇರೆ. ಸಾರಾ ಅವರದು ಹಾಗಲ್ಲ. ಕರಾವಳಿಯ ಮುಸ್ಲಿಂ ಗೃಹಿಣಿಯೊಬ್ಬರು ತಲಾಖಿನ ನೋವು ಬರೆದು ಕಳಿಸಿದಾಗ, ಯಾರಿಗೆ ಸಿಟ್ಟು ಬಂದೀತು ಎಂದು ಲೆಕ್ಕ ಹಾಕದೆ ವಾರವಾರ ಅಚ್ಚು ಹಾಕುವ ಸಂಪಾದಕ ಬೇಕಿತ್ತು.

ಪ್ರಶಸ್ತಿ ತಡವಾಗಿಯೇ ಬರುತ್ತದೆ. ಬಾನು ಅವರ ಮೊದಲ ಕಥೆ ‘ಪ್ರಜಾಮತ’ದಲ್ಲಿ ಬಂದಾಗ ಅವರಿಗೆ ಇಪ್ಪತ್ತರ ಹರೆಯ, ಬೂಕರ್ ಬಂದಾಗ 77. ನಡುವಿನ ವರ್ಷಗಳಲ್ಲಿ ಅವರ ಕಥೆಗಳಿಗೆ ಜಾಗ ಕೊಟ್ಟವರು ಕನ್ನಡದ ಪತ್ರಿಕೆಗಳವರೇ ಹೊರತು ಲಂಡನ್ನಿನವರಲ್ಲ.

ಇದನ್ನು ಬರೆಯಲು ನನಗೇ ಸ್ವಲ್ಪ ನಾಚಿಕೆ. ಹೋದ ವರ್ಷ ಈ ಸಂಚಿಕೆಯ ಸಂಪಾದಕ ಬಳಗದಲ್ಲಿ ನಾನೂ ಇದ್ದೆ. ಕುಂದಾಪುರ ಕಡೆಯ ನರ್ಸೊಬ್ಬರು ಗೆರೆಹಾಳೆಯಲ್ಲಿ ಕಥೆ ಬರೆದು ಫೋಟೋ ಹೊಡೆದು ಕಳಿಸಿದ್ದರು. ಊರಲ್ಲಿ ಬಿಟ್ಟುಬಂದ ಮಗು ವಿಡಿಯೋ ಕಾಲಿನಲ್ಲಿ ಅಮ್ಮನನ್ನು ‘ಆಂಟಿ’ ಎನ್ನುವ ಕಥೆ. ಸಂಭಾಷಣೆಯೆಲ್ಲ ಕುಂದಗನ್ನಡ. ‘ಭಾಷೆ ತಿದ್ದಿಕೊಡಿ’ ಎಂದವನು ನಾನೇ. ಅವರು ತಿದ್ದಲಿಲ್ಲ, ಆ ಎರಡು ಪುಟ ಚಿನ್ನದಂಗಡಿಯ ಜಾಹೀರಾತಿಗೆ ಹೋಯಿತು. ಲಿಫ್ಟಿನಲ್ಲಿ ಸಿಕ್ಕಾಗ, ‘ಅಡ್ಡಿಲ್ಲ ಸರ್’ ಎಂದು ನಕ್ಕರು.

ಜಾಹೀರಾತು ಬೇಡ ಎನ್ನುತ್ತಿಲ್ಲ. ಲಂಕೇಶರ ಪತ್ರಿಕೆಯನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ನಾವು ಹಂಚುವವರು. ಮುದ್ರಣದ ಬಿಲ್ಲು ಯಾರಾದರೂ ಕಟ್ಟಲೇಬೇಕು. ಆದರೆ ಶುಭಾಶಯ ಸಂದೇಶಗಳೇ ಹತ್ತು ಪುಟ ಏಕೆ? ಎಲ್ಲವೂ ಒಂದೇ ಸಂದೇಶ, ಫೋಟೋ ಮಾತ್ರ ಬೇರೆ. ಅವನ್ನು ಎರಡು ಪುಟಕ್ಕೆ ಇಳಿಸೋಣ. ಉಳಿದ ಎಂಟನ್ನು, ಜಾಹೀರಾತಿನ ಲೆಕ್ಕ ಶುರುವಾಗುವ ಮೊದಲೇ, ಈವರೆಗೆ ಎಲ್ಲಿಯೂ ಅಚ್ಚಾಗದವರಿಗೆ ಎಂದು ತೆಗೆದಿಡೋಣ. ಕಾರ್ಯಕಾರಿ ಸಮಿತಿಯ ಮುಂದೆ ಇದನ್ನು ಇಡಲಿದ್ದೇನೆ.

ಆ ಕಥೆಯ ಫೋಟೋಗಳು ನನ್ನ ಫೋನಿನಲ್ಲಿ ಇನ್ನೂ ಇವೆ. ಇದ್ದ ಹಾಗೇ ಹಾಕುತ್ತೇವೆ, ಒಪ್ಪಿಗೆಯೇ ಎಂದು ಮೊನ್ನೆ ಕೇಳಿದೆ. ‘ಡ್ಯೂಟಿ ಮುಗ್ಸಿ ಹೇಳ್ತೆ’ ಎಂದಿದ್ದಾರೆ.